ತೊಳೆದಿಟ್ಟ ಡಬ್ಬಿ

ಮಲಪ್ರಭೆಯ ದಂಡೆಯ ಮೇಲೆ ಒಂದು ಮಠವಿದೆ. ಅದರಲ್ಲಿ ದೇವರಿಲ್ಲ, ಗಂಟೆಯಿಲ್ಲ, ದಾಸೋಹವಂತೂ ಮೊದಲೇ ಇಲ್ಲ.

ಇರುವುದು ತಗಡಿನ ಚಾವಣಿಯ ಒಂದೇ ಕೋಣೆ. ಗೋಡೆಯ ಮೇಲೆ ಸರಕಾರದ ಪರವಾನಗಿಗೆ ಕಟ್ಟು ಹಾಕಿಸಿ ತೂಗುಬಿಟ್ಟಿದ್ದಾರೆ. ಅದರ ಕೆಳಗೆ ಕಬ್ಬಿಣದ ಬೀರು, ಒಂದು ಮೇಜು, ಒಂದು ಸಣ್ಣ ತಕ್ಕಡಿ. ಬಾಗಿಲು ತೆರೆದರೆ ಎದುರಿಗೇ ರೈಫಲ್ ಕ್ಲಬ್ಬಿನ ಬಯಲು.

ಸ್ಪರ್ಧೆಗೆ ಬೇಕಾದ ತೋಟಾಗಳನ್ನು ಈ ಕೋಣೆಯಲ್ಲಿ ಕೈಯಿಂದ ತುಂಬುತ್ತಾರೆ. ಒಮ್ಮೆ ಹೊಡೆದು ಖಾಲಿಯಾದ ಹಿತ್ತಾಳೆಯ ಕೇಸನ್ನು ಶುಚಿ ಮಾಡಿ, ಒತ್ತಿ ಸರಿಪಡಿಸಿ, ಮದ್ದು ತೂಗಿ ಹಾಕಿ, ಮೇಲೆ ಗುಂಡು ಕೂರಿಸುವ ಕೆಲಸ. ಕಂಪನಿಯ ತೋಟಾ ಒಂದೊಂದು ಒಂದೊಂದು ಥರ ಹಾರುತ್ತದೆ. ಕೈಯಿಂದ ತುಂಬಿದ್ದು, ತುಂಬುವವನು ಸರಿಯಿದ್ದರೆ, ಐವತ್ತಕ್ಕೆ ಐವತ್ತೂ ಒಂದೇ ಕಡೆ ಹೋಗುತ್ತದೆ.

ಆ ಕೋಣೆಯ ಯಜಮಾನರು ಸುಬೇದಾರ್ ಅಡಿವೆಪ್ಪ. ಮೂವತ್ತು ವರ್ಷ ಸೈನ್ಯದ ಬಂದೂಕುಗಳನ್ನು ರಿಪೇರಿ ಮಾಡಿ ಬಂದವರು. ಕೋಣೆಯೊಳಗೆ ಯಾರೂ ಮಾತಾಡಕೂಡದು, ಫೋನು ತರಕೂಡದು, ಚಪ್ಪಲಿ ಹೊರಗೇ ಬಿಡಬೇಕು. ಇಷ್ಟೆಲ್ಲ ಮಡಿ ನೋಡಿದ ಜನ ಅದಕ್ಕೆ ಮದ್ದಿನ ಮಠ ಎಂದರು, ಮಠದಲ್ಲಿ ಕೂತವರನ್ನು ಅಜ್ಜಾರು ಎಂದರು. ಅರ್ಧ ಭಕ್ತಿ, ಅರ್ಧ ಚೇಷ್ಟೆ.

ಆ ಮಠಕ್ಕೆ ಒಂದು ದಿನ ಕಿರಾಣಿ ಅಂಗಡಿಯ ಫಕೀರಪ್ಪ ಬಂದ.

"ತೋಟಾ ತುಂಬೂದು ಕಲಸ್ರಿ ಅಜ್ಜಾರ."

"ನಿನಗ್ಯಾಕೋ? ನೀ ಬಂದೂಕ ಹಿಡಿದಾವ ಅಲ್ಲ."

"ನನಗಲ್ರಿ. ನಮ್ಮ ಮನ್ಯಾಕಿಗೆ."

ಅವನ ಹೆಂಡತಿ ನೀಲಗಂಗಾ ಪೊಲೀಸ್ ಕಾನ್‌ಸ್ಟೇಬಲ್. ಜಿಲ್ಲೆಯಲ್ಲಿ ಅವಳಷ್ಟು ಚೆನ್ನಾಗಿ ಗುರಿಯಿಡುವವರು ಇಬ್ಬರೋ ಮೂವರೋ. ಹಿಂದಿನ ವರ್ಷ ರಾಜ್ಯ ತಂಡದ ಆಯ್ಕೆ ಅವಳ ಕೈತಪ್ಪಿದ್ದು ಎರಡೇ ಅಂಕದಲ್ಲಿ. ಗುರಿಯಲ್ಲಿ ದೋಷವಿರಲಿಲ್ಲ, ತೋಟಾ ಏರುಪೇರಾಗಿತ್ತು. ಮನೆಗೆ ಬಂದು ಅವಳು ಅಳಲಿಲ್ಲ, ಬಯ್ಯಲಿಲ್ಲ. ಮೂರು ದಿನ ಊಟಕ್ಕೆ ಕೂತಲ್ಲಿ ಗೋಡೆ ನೋಡುತ್ತ ಕೂತಿದ್ದಳು. ಫಕೀರಪ್ಪನಿಗೆ ಅದನ್ನು ಇನ್ನೊಮ್ಮೆ ನೋಡುವ ಶಕ್ತಿ ಇರಲಿಲ್ಲ.

"ಈ ವರ್ಷ ಆಕಿ ಹೋಗಬೇಕ್ರಿ," ಎಂದ. "ಅಷ್ಟ ನನಗ ಬೇಕಾಗಿದ್ದು."

ಅಜ್ಜಾರು ಅವನನ್ನು ಮೇಲಿಂದ ಕೆಳಗೆ ನೋಡಿ, ಮೂಲೆಯಲ್ಲಿದ್ದ ಒತ್ತುವ ಯಂತ್ರವನ್ನು ತೋರಿಸಿದರು. ಕೈಹಿಡಿ ಇರುವ ಸಣ್ಣ ಕಬ್ಬಿಣದ ಪ್ರೆಸ್ಸು.

"ಇದನ್ನ ಮೇಜಿಗೆ ಕೂಡಸು."

ಫಕೀರಪ್ಪ ಒಂದು ತಾಸಿನಲ್ಲಿ ಕೂರಿಸಿದ. ನಾಲ್ಕು ಬೋಲ್ಟು ಬಿಗಿದು, ಬೆವರು ಒರೆಸಿಕೊಂಡು, ಹೊಗಳಿಕೆಗೆ ಕಾದು ನಿಂತ.

ಅಜ್ಜಾರು ಒಂದು ಗ್ಲಾಸಿನ ತುಂಬ ನೀರು ತಂದು ಮೇಜಿನ ಮೇಲಿಟ್ಟರು. ಪ್ರೆಸ್ಸಿನ ಹಿಡಿಯನ್ನು ಒಮ್ಮೆ ಎಳೆದರು. ನೀರು ತುಳುಕಿತು.

"ಬಿಚ್ಚು," ಎಂದರು.

ಮರುದಿನ ಅವನು ಮೇಜಿನ ಕಾಲಿಗೆ ಅಡ್ಡಪಟ್ಟಿ ಹೊಡೆದ. ನೀರು ತುಳುಕಲಿಲ್ಲ, ಅಲುಗಿತು.

"ಬಿಚ್ಚು."

ಅದರ ಮರುದಿನ ಮೇಜನ್ನೇ ಗೋಡೆಗೆ ಸೇರಿಸಿ ಸಿಮೆಂಟು ಹಾಕಿಸಿದ. ಅಜ್ಜಾರು ಹಿಡಿ ಎಳೆದರು. ನೀರಿನ ಮೇಲೆ ಒಂದು ಗೆರೆಯೂ ಏಳಲಿಲ್ಲ. ಅವರು ಗ್ಲಾಸು ಎತ್ತಿ ನೀರು ಕುಡಿದರು. ಹೊಗಳಿಕೆ ಅಂತ ಆ ಮಠದಲ್ಲಿ ಸಿಗುತ್ತಿದ್ದದ್ದು ಅಷ್ಟೇ.

ಆಮೇಲೆ ತಕ್ಕಡಿಯ ಸರದಿ. ಇಲ್ಲಿ ಫಕೀರಪ್ಪ ಮೀಸೆ ತಿರುವಿದ. ತಕ್ಕಡಿ ಹಿಡಿದೇ ಬೆಳೆದವನು ಅವನು. ಹಳ್ಳಿಯಲ್ಲಿ ಅವನ ತೂಕಕ್ಕೆ ಎರಡು ಮಾತಿರಲಿಲ್ಲ.

ಅಜ್ಜಾರು ಫ್ಯಾನು ನಿಲ್ಲಿಸಿದರು, ಕಿಟಕಿ ಮುಚ್ಚಿದರು, ತಕ್ಕಡಿ ಸಮ ಮಾಡಲು ಹೇಳಿದರು. ಅವನು ಮಾಡಿದ. ಅವರು ದೂರದಿಂದಲೇ ಮೆಲ್ಲಗೆ ಉಸಿರು ಬಿಟ್ಟರು. ಮುಳ್ಳು ಓಡಿತು.

"ನಿನ್ನ ಅಂಗಡ್ಯಾಗ ತೂಕ ತಪ್ಪಿದ್ರ ಏನಾಗತೈತಿ?"

"ಗಿರಾಕಿ ಬಂದು ಬೈತಾನ್ರಿ."

"ಇಲ್ಲಿ ತಪ್ಪಿದ್ರ ಬೈಯಾಕ ಯಾರೂ ಬರೂದಿಲ್ಲ."

ಫಕೀರಪ್ಪನ ಮೀಸೆ ಇಳಿಯಿತು. ಅವತ್ತಿನಿಂದ ತಕ್ಕಡಿಯ ಮುಂದೆ ಅವನು ಉಸಿರು ಕಟ್ಟಿಯೇ ಕೂರುತ್ತಿದ್ದ.

ಹೀಗೆ ನಾಲ್ಕು ತಿಂಗಳು. ದಿನವೂ ಅಜ್ಜಾರೇ ಬೀರು ತೆಗೆದು, ಮೇಲಿನ ಅರೆಯಿಂದ ಹಸಿರು ಕಾಗದ ಅಂಟಿಸಿದ ಮದ್ದಿನ ಡಬ್ಬಿ ತಂದು ಮೇಜಿನ ಮೇಲಿಡುವರು. ಕೆಲಸ ಮುಗಿದ ಮೇಲೆ ಅವರೇ ಒಳಗಿಟ್ಟು ಬೀಗ ಹಾಕುವರು. ಹೀಗೇಕೆ ಎಂದು ಅವರು ಹೇಳಲಿಲ್ಲ, ಇವನು ಕೇಳಲಿಲ್ಲ. ಮಾತು ಬೇಡವೆಂದ ಮಠದಲ್ಲಿ ಕೇಳುವುದಾದರೂ ಹೇಗೆ?

ನೀಲಗಂಗಾ ಆ ತೋಟಾಗಳನ್ನು ಹೊಡೆದಳು. ಮುನ್ನೂರು ಮೀಟರ್ ದೂರದ ಹಲಗೆಯ ಮೇಲೆ ಗುಂಡಿನ ತೂತುಗಳೆಲ್ಲ ಒಂದು ವೀಳ್ಯದೆಲೆಯಲ್ಲಿ ಮುಚ್ಚುವಷ್ಟು ಹತ್ತಿರ ಬಿದ್ದವು. ಅವಳು ಹಲಗೆ ನೋಡಿದಳು, ಗಂಡನನ್ನು ನೋಡಿದಳು.

"ರೀ, ಇದು ಖರೇನ ನೀವ ತುಂಬಿದ್ದೇನ್ರಿ?"

ಫಕೀರಪ್ಪ ಅವತ್ತು ಅಂಗಡಿಗೆ ಬಂದವರಿಗೆಲ್ಲ ಎರಡೆರಡು ಪೆಪ್ಪರಮಿಂಟು ಹೆಚ್ಚಿಗೆ ಕೊಟ್ಟ.

ಅಜ್ಜಾರು ಎಂಥ ಕಟ್ಟುನಿಟ್ಟಿನವರು ಎಂಬುದನ್ನು ಅವನು ಆ ದಿನಗಳಲ್ಲೇ ಕಣ್ಣಾರೆ ಕಂಡ. ಬಯಲಿನಲ್ಲಿ ಕೆಂಪು ಬಾವುಟ ಏರಿದೆ ಎಂದರೆ ಬಂದೂಕುಗಳು ತುಂಬಿವೆ ಎಂದರ್ಥ. ಆಗ ಯಾರೂ ಬಂದೂಕುಗಳ ಮುಂದಿನ ಗೆರೆ ದಾಟಿ ಕಾಲಿಡಕೂಡದು. ಒಬ್ಬ ದೊಡ್ಡ ಅಧಿಕಾರಿ, ಸೊಂಟಕ್ಕೆ ಬೆಳ್ಳಿ ಬಕ್ಕಲಿನ ಬೆಲ್ಟು ಹಾಕಿಕೊಂಡವರು, ಕೆಳಗೆ ಬಿದ್ದ ಪೆನ್ನು ಎತ್ತಿಕೊಳ್ಳಲು ಒಂದು ಹೆಜ್ಜೆ ದಾಟಿದರು. ಒಂದೇ ಹೆಜ್ಜೆ.

ಅಜ್ಜಾರು ಹೋಗಿ ಕೈಮುಗಿದು, "ಮುಂದಿನ ವರ್ಷ ಬರ್ರಿ ಸಾಹೇಬರ," ಎಂದರು.

"ಪೆನ್ನು ಬಿದ್ದಿತ್ರಿ!"

"ಪೆನ್ನು ನಾಳೆ ಕಳಿಸಿಕೊಡತೀನಿ. ನೀವು ಮಾತ್ರ ಮುಂದಿನ ವರ್ಷ ಬರ್ರಿ."

ಸಾಹೇಬರು ಕೂಗಾಡಿದರು, ಮೇಲಿನವರಿಗೆ ಫೋನು ಹಚ್ಚಿದರು. ಅಜ್ಜಾರು ಕೈಮುಗಿದುಕೊಂಡೇ ನಿಂತಿದ್ದರು. ಜೀಪು ಹೊರಟಿತು. ಫಕೀರಪ್ಪ ಬೆಪ್ಪಾಗಿ ನೋಡಿದ. ಇಷ್ಟಕ್ಕೆಲ್ಲ ಇಷ್ಟೊಂದು ಬೇಕೇ ಎಂದು ಅವನ ಮನಸ್ಸು ಅಂದಿತು. ಬಾಯಿ ಅನ್ನಲಿಲ್ಲ.

ಆಯ್ಕೆ ಸ್ಪರ್ಧೆಗೆ ಒಂದು ದಿನ ಉಳಿಯಿತು. ಜಿಲ್ಲೆಜಿಲ್ಲೆಯಿಂದ ಆಟಗಾರರು ಬರುತ್ತಿದ್ದರು. ಬಯಲಿನ ಸುರಕ್ಷತೆಯೆಲ್ಲ ಅಜ್ಜಾರ ತಲೆಯ ಮೇಲೆ. ಕೋಣೆಗೆ ಬರಲು ಅವರಿಗೆ ಪುರುಸೊತ್ತಿರಲಿಲ್ಲ.

ಅವತ್ತು ಅವರು ಮೊದಲ ಸಲ ಬೀರುವಿನ ಕೀಲಿ ತೆಗೆದು ಫಕೀರಪ್ಪನ ಕೈಗೆ ಕೊಟ್ಟರು.

"ನಾಳೆಗೆ ಐವತ್ತು. ಹೆಂಗ ಮಾಡತಿದ್ದಿ, ಹಂಗ ಮಾಡು."

ಫಕೀರಪ್ಪನ ಎದೆ ಉಬ್ಬಿತು. ಅಷ್ಟು ಉಬ್ಬಿದ ಎದೆಯಲ್ಲಿ ಎಚ್ಚರಕ್ಕೆ ಜಾಗ ಎಲ್ಲಿ ಉಳಿದೀತು?

ಬೀರು ತೆಗೆದು ನೋಡಿದರೆ ಒಳಗೆಲ್ಲ ಧೂಳು. ಮೇಲಿನ ಅರೆಯಲ್ಲಿ ಹಸಿರು ಕಾಗದದ ಡಬ್ಬಿ, ಅರ್ಧ ಖಾಲಿ. ಕೆಳಗಿನ ಅರೆಯಲ್ಲಿ ಹಳದಿ ಕಾಗದದ್ದೊಂದು, ಅದೂ ಅರ್ಧ. ಎರಡರ ಮೇಲೂ ಏನೋ ಅಂಕಿ. ಸಾಮಾನು ತಂದ ತಾರೀಖು ಇರಬೇಕು ಅಂದುಕೊಂಡ. ಅವನ ಅಂಗಡಿಯಲ್ಲಿ ಹಾಗೇ ಬರೆಯುತ್ತಿದ್ದ.

ಎರಡೂ ಮುಚ್ಚಳ ತೆಗೆದ. ಎರಡರಲ್ಲೂ ಅದೇ ಕರಿ ಕಾಳು, ಅದೇ ವಾಸನೆ.

ಒಂದೇ ಜಿನಸು ಎರಡು ಡಬ್ಬಿಯಲ್ಲಿ ಅರ್ಧರ್ಧ ಇರುವುದನ್ನು ಕಂಡರೆ ಕಿರಾಣಿಯವನಿಗೆ ಕೈ ಕಡಿಯುತ್ತದೆ. ಅವನ ಅಂಗಡಿಯಲ್ಲಿ ಅರ್ಧ ಚೀಲ ರವೆ ಎರಡು ಕಡೆ ಇದ್ದ ದಿನ ಅವನಿಗೆ ಊಟ ಸೇರುತ್ತಿರಲಿಲ್ಲ. ಪಾಪ, ಅಜ್ಜಾರಿಗೆ ವಯಸ್ಸಾಗಿದೆ, ಯಾರು ಮಾಡಿಕೊಡಬೇಕು ಇದನ್ನೆಲ್ಲ ಎಂದು ಮರುಗಿದ. ಗುರುಸೇವೆ ಮಾಡಲು ಇದಕ್ಕಿಂತ ಒಳ್ಳೆಯ ದಿನ ಸಿಗುತ್ತದೆಯೇ?

ಹಳದಿಯದನ್ನು ಹಸಿರಿನದರ ಮೇಲೆ ಸುರುವಿ ಕೈಯಾಡಿಸಿದ. ಡಬ್ಬಿ ಕಂಠದವರೆಗೆ ತುಂಬಿತು. ಬೀರು ಒರೆಸಿದ, ಕಾಗದ ಹಾಸಿದ. ಖಾಲಿ ಡಬ್ಬಿಯನ್ನು ಹೊಳೆಗೆ ಒಯ್ದು ತಿಕ್ಕಿ ತೊಳೆದು ಕಿಟಕಿಯಲ್ಲಿ ಬೋರಲು ಹಾಕಿದ. ಕಾಗದ ನೆನೆದು ಅರ್ಧ ಕಿತ್ತು ಬಂದಿತ್ತು. ಉಳಿದದ್ದನ್ನು ಉಗುರಿನಿಂದ ಕೆರೆಯಲು ನೋಡಿ, ಬರದೇ ಇದ್ದಾಗ ಬಿಟ್ಟ.

ಆಮೇಲೆ ಕೈಕಾಲು ಮುಖ ತೊಳೆದು, ಉಸಿರು ಕಟ್ಟಿ, ಐವತ್ತು ತೋಟಾ ತುಂಬಿದ. ಒಂದೊಂದನ್ನೂ ಮೂರು ಸಲ ತೂಗಿದ. ಐವತ್ತೂ ಒಂದೇ ತೂಕ, ಒಂದು ಕಾಳು ಹೆಚ್ಚಿಲ್ಲ, ಒಂದು ಕಾಳು ಕಡಿಮೆಯಿಲ್ಲ. ಅಷ್ಟು ಚೆನ್ನಾಗಿ ಅವನು ಜೀವಮಾನದಲ್ಲಿ ಏನನ್ನೂ ತೂಗಿರಲಿಲ್ಲ.

ತೋಟಾಗಳ ಡಬ್ಬ ಕೈಗೆ ಕೊಟ್ಟಾಗ ನೀಲಗಂಗಾ ತೆರೆದೂ ನೋಡಲಿಲ್ಲ. "ನೀವು ತುಂಬೀರಿ ಅಂದ ಮ್ಯಾಲೆ ನೋಡೂದೇನೈತಿ," ಎಂದಳು.

ಮರುದಿನ ಬೆಳಿಗ್ಗೆ ಸ್ಪರ್ಧೆ. ಹನ್ನೆರಡು ಹೆಂಗಸರು ಹನ್ನೆರಡು ಚಾಪೆಗಳ ಮೇಲೆ ಬೋರಲು ಮಲಗಿದರು. ಕಿವಿಗೆಲ್ಲ ದಪ್ಪ ಮುಚ್ಚಳ. ನೀಲಗಂಗಾ ಏಳನೆಯ ಚಾಪೆ. ಫಕೀರಪ್ಪ ಮಠದ ಬಾಗಿಲಲ್ಲಿ ನಿಂತ. ಅಲ್ಲಿಂದ ಬಯಲು ಅಡ್ಡಲಾಗಿ ಕಾಣುತ್ತಿತ್ತು. ಎಡಕ್ಕೆ ಮಲಗಿದ ಹೆಂಗಸರು, ಬಲಕ್ಕೆ ದೂರದಲ್ಲಿ ಗುರಿಯ ಹಲಗೆಗಳು.

ಕೆಂಪು ಬಾವುಟ ಏರಿತು. "ಲೋಡ್" ಎಂದು ಸ್ಪರ್ಧೆ ನಡೆಸುವ ಪಂಚರು ಕೂಗಿದ್ದು ಇಲ್ಲಿಗೂ ಕೇಳಿತು. ಹನ್ನೆರಡು ಬೋಲ್ಟುಗಳು ಕಟಕ್ಕೆಂದವು.

ಅದೇ ಹೊತ್ತಿಗೆ ಅಜ್ಜಾರು ಬಂದರು. ಇನ್ನೊಂದು ಬಾವುಟ ಬೇಕಾಗಿತ್ತಂತೆ. ಫಕೀರಪ್ಪನಿಂದ ಕೀಲಿ ಇಸಿದುಕೊಂಡು ಒಳಗೆ ಹೋಗಿ ಬೀರು ತೆರೆದರು.

"ಸ್ವಚ್ಛ ಮಾಡೀಯಲ್ಲೋ," ಎಂದರು. ಅವರ ಬಾಯಿಂದ ಬಂದ ಮೊದಲ ಹೊಗಳಿಕೆ ಅದು.

ಫಕೀರಪ್ಪ ಹಲ್ಲು ಕಿರಿದ.

"ಹಳದಿ ಡಬ್ಬಿ ಎಲ್ಲೈತಿ?"

"ತೊಳದು ಅಲ್ಲಿಟ್ಟೀನ್ರಿ, ಕಿಟಕ್ಯಾಗ."

"ಅದರಾಗಿಂದು?"

"ಇದರಾಗ ಹಾಕೀನ್ರಿ. ಎರಡೂ ಅರ್ಧರ್ಧ ಇದ್ದುವಲ್ರಿ."

ಅಜ್ಜಾರು ಬೋರಲು ಬಿದ್ದ ಡಬ್ಬಿಯನ್ನು ನೋಡಿದರು. ಅವರ ಮುಖದಿಂದ ರಕ್ತ ಇಳಿದು ಹೋಯಿತು. ಫಕೀರಪ್ಪ ಅಂಥ ಮುಖವನ್ನು ಹೆಣದ ಮೇಲೆ ಬಿಟ್ಟರೆ ಬೇರೆ ಕಡೆ ನೋಡಿರಲಿಲ್ಲ.

"ಯಾವಾಗ? ತೋಟಾ ತುಂಬೂಕಿಂತ ಮೊದಲೋ, ಆಮ್ಯಾಲೋ?"

"ಮೊದಲ್ರಿ. ಯಾಕ್ರಿ ಅಜ್ಜಾರ?"

"ಅದು ಪಿಸ್ತೂಲಿನ ಮದ್ದೋ! ಭಡಕ್ಕನ ಉರಿಯೂದು! ರೈಫಲ್ಲಿಗೆ ಹಾಕಿದ್ರ..."

ಮಾತು ಮುಗಿಯಲಿಲ್ಲ. ಅಜ್ಜಾರು ಆಗಲೇ ಬಾಗಿಲು ದಾಟಿದ್ದರು.

ಚಾಪೆಗಳ ಹಿಂದಿನಿಂದ ಹೋಗಬೇಕಾದರೆ ಬೇಲಿ ಸುತ್ತಿ ರಸ್ತೆಗೆ ಬೀಳಬೇಕು. ಐದು ನಿಮಿಷದ ದಾರಿ. ಅಜ್ಜಾರು ರಸ್ತೆಯ ಕಡೆ ನೋಡಲೂ ಇಲ್ಲ. ಬೇಲಿಯ ತಂತಿ ಎತ್ತಿ, ನುಸುಳಿ, ಬಯಲಿಗೆ ಇಳಿದರು. ಹನ್ನೆರಡು ತುಂಬಿದ ಬಂದೂಕುಗಳು ನೋಡುತ್ತಿದ್ದ ಬಯಲಿಗೆ, ಬಂದೂಕುಗಳ ಎದುರಿಗೆ.

ಎಪ್ಪತ್ತನಾಲ್ಕು ವರ್ಷದ ಮುದುಕ, ಒಂದು ಮೊಣಕಾಲು ಮಡಚಲು ಬಾರದವರು, ಓಡುತ್ತಿದ್ದರು. ಜನರ ಎದುರು ಎಂದೂ ತೆಗೆಯದ ಬಿಳಿ ರುಮಾಲನ್ನು ಕಿತ್ತು ಮೇಲೆತ್ತಿ ಬೀಸುತ್ತಿದ್ದರು. ಬೋಳು ತಲೆ ಬಿಸಿಲಿಗೆ ಹೊಳೆಯುತ್ತಿತ್ತು. ಸೀಟಿ ಊದುತ್ತಿದ್ದರು, ಕೂಗುತ್ತಿದ್ದರು, ಆದರೆ ಕಿವಿ ಮುಚ್ಚಿಕೊಂಡವರಿಗೆ ಕೇಳುವುದು ಹೇಗೆ?

ಫಕೀರಪ್ಪ ಗರ ಬಡಿದವನಂತೆ ಬಾಗಿಲ ಚೌಕಟ್ಟು ಹಿಡಿದು ನಿಂತ. ಒಂದು ಢಂ ಎಂದರೆ ಸಾಕು, ಅಲ್ಲಿ ಒಬ್ಬರು ಸಾಯುತ್ತಾರೆ. ಗುರುವೋ, ಹೆಂಡತಿಯೋ, ಅಷ್ಟೇ ತಿಳಿಯಬೇಕಾಗಿತ್ತು.

ಒಂದನೆಯ ಚಾಪೆ ದಾಟಿದರು. ಮೂರನೆಯದು. ಐದನೆಯದರ ಹುಡುಗಿ ಚೀರಿ ಬಂದೂಕಿನಿಂದ ಕೈ ತೆಗೆದಳು. ಏಳನೆಯದರ ಎದುರು ಅಜ್ಜಾರು ನಿಂತರು. ನಳಿಗೆಯಿಂದ ಹತ್ತು ಮಾರು ದೂರದಲ್ಲಿ, ಎರಡೂ ಕೈ ಅಗಲಿಸಿ ನಿಂತರು.

"ನಿಲ್ಲಸ್ರೀ! ನಿಲ್ಲಸ್ರೀ!" ಎಂದು ಪಂಚರು ಕಿರುಚಿದರು. ಕೆಂಪು ಬಾವುಟ ಸರ್ರನೆ ಇಳಿಯಿತು.

ಹೊಳೆಯ ಸಪ್ಪಳ ಆಗ ಕೇಳಿತು.

ಫಕೀರಪ್ಪ ಬೇಲಿ ಸುತ್ತಿ ಓಡಿ ಬರುವಷ್ಟರಲ್ಲಿ ನೀಲಗಂಗಾ ಎದ್ದು ಕೂತಿದ್ದಳು. ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡಿದ್ದಳು.

"ಅರ್ಧ ಒತ್ತಿದ್ದೆ," ಎಂದಳು ಯಾರಿಗೆಂದಿಲ್ಲದೆ. "ಬಂದೂಕಿನ ಕುದುರಿ ಅರ್ಧ ಒತ್ತಿದ್ದೆ. ನಳಿಗಿ ತುದಿ ಮುಂದ ಬೆಳ್ಳಗ ಏನೋ ಬಂತು."

ಅಜ್ಜಾರು ಅವಳ ರೈಫಲ್ಲಿನಿಂದ ತೋಟಾ ಆಗಲೇ ಹೊರತೆಗೆದಿದ್ದರು. ಡಬ್ಬದಲ್ಲಿದ್ದ ನಲವತ್ತೊಂಬತ್ತನ್ನೂ ತಗೊಂಡರು. "ಮದ್ದು ಕಲತೈತಿ ಯವ್ವಾ. ಇದನ್ನ ಹೊಡದಿದ್ರ ಬೋಲ್ಟು ಹಾರಿ ನಿನ್ನ ಮಾರಿಗೆ ಬರತಿತ್ತು."

ನೀಲಗಂಗಾ ಗಂಡನನ್ನು ನೋಡಿದಳು.

"ಏನ ಮಾಡಿದ್ರಿ?"

"ಎರಡು ಡಬ್ಬಿ ಇದ್ದೂವು. ಒಂದ ಮಾಡಿದೆ. ಒಂದನ್ನ ತೊಳದಿಟ್ಟೆ."

"ತೊಳದ್ರಿ?"

"ಹೂಂ."

"ಲಗ್ನಾಗಿ ಹತ್ತ ವರ್ಷಾತು," ಎಂದಳು. "ಮನ್ಯಾಗ ಒಂದ ದಿನ ಒಂದ ಡಬ್ಬಿ ತೊಳದಿಲ್ಲ ನೀವು."

ನಗು ಬಂತು ಅವಳಿಗೆ. ಬಂದ ನಗು ಬಾಯಲ್ಲೇ ತಿರುಗಿ ಅಳುವಾಯಿತು. ಫಕೀರಪ್ಪನಿಗೆ ಭೂಮಿ ಬಾಯಿ ತೆರೆದರೆ ಸಾಕಾಗಿತ್ತು.

ಹೊರಗಿನಿಂದ ಬಂದಿದ್ದ ಪಂಚರು, ಒಬ್ಬ ಹೆಣ್ಣುಮಗಳು, ಬೆವರು ಒರೆಸಿಕೊಳ್ಳುತ್ತ ಬಂದರು. "ದೊಡ್ಡ ಕೆಲಸ ಮಾಡಿದ್ರಿ ಅಜ್ಜಾರ. ಒಂದು ಜೀವ ಉಳಿಸಿದ್ರಿ."

"ಪುಸ್ತಕ ಕೊಡ್ರಿ," ಎಂದರು ಅಜ್ಜಾರು.

"ಯಾವ ಪುಸ್ತಕ?"

"ಗೆರಿ ದಾಟಿದವರ ಹೆಸರು ಬರಿಯೂದು."

ಪಂಚರು ನಂಬಲಿಲ್ಲ. ತಮಾಷೆ ಅಂದುಕೊಂಡರು. ಅಜ್ಜಾರು ಮೇಜಿನ ಮೇಲಿದ್ದ ಪುಸ್ತಕವನ್ನು ತಾವೇ ಎಳೆದುಕೊಂಡು, ತಮ್ಮ ಹೆಸರು ಬರೆದು, ಎದುರಿಗೆ 'ಒಂದು ವರ್ಷ ಬಯಲಿಗೆ ಬರಕೂಡದು' ಎಂದು ಬರೆದರು.

"ಅಯ್ಯ, ನೀವು ಬೇಕಂತ ದಾಟಿದ್ರೇನ್ರಿ? ಕಾರಣ ಇತ್ತಲ್ರಿ!"

"ಕಾರಣ ಬರಿಯಾಕ ಇದರಾಗ ಜಾಗಾ ಇಲ್ರಿ. ನಾನ ಇಟ್ಟಿಲ್ಲ."

ಕೊರಳಿಗೆ ಹಾಕಿದ್ದ ಸೀಟಿ ಬಿಚ್ಚಿ ಪುಸ್ತಕದ ಮೇಲಿಟ್ಟರು. ಮೂವತ್ತು ಜನ ನೋಡುತ್ತಿದ್ದರು. ಅಜ್ಜಾರು ರುಮಾಲು ಸುತ್ತಿಕೊಳ್ಳುತ್ತ, ಈ ಸಲ ರಸ್ತೆಯ ದಾರಿ ಹಿಡಿದು, ಕುಂಟುತ್ತ ಹೋದರು.

ಸ್ಪರ್ಧೆ ಮತ್ತೆ ಶುರುವಾಯಿತು. ಕ್ಲಬ್ಬಿನವರು ನೀಲಗಂಗಾಳಿಗೆ ಕಂಪನಿಯ ತೋಟಾ ಕೊಟ್ಟರು. ಅವಳ ಬಂದೂಕಿಗೆ ಅದರ ಪರಿಚಯವಿಲ್ಲ. ನಡುಗಿದ ಕೈ ನಿಲ್ಲಲು ಅರ್ಧ ತಾಸು ಬೇಕಾಯಿತು. ಹೊಡೆದಳು, ಹಲ್ಲು ಕಚ್ಚಿ ಹೊಡೆದಳು. ತಂಡಕ್ಕೆ ಬೇಕಾದವರು ಮೂವರು. ಅವಳು ನಾಲ್ಕನೆಯವಳಾದಳು.

ಫಲಿತಾಂಶ ಓದುವಾಗ ಫಕೀರಪ್ಪ ಕಂಬದ ಹಿಂದೆ ನಿಂತಿದ್ದ. ನೀಲಗಂಗಾ ಅವನನ್ನು ಹುಡುಕಲಿಲ್ಲ. ಬಂದೂಕು ಒರೆಸಿ, ಚೀಲಕ್ಕೆ ಹಾಕಿ, ಮಠದ ಕಡೆ ನಡೆದಳು. ಒಳಗೆ ಹೋಗಿ ಬಹಳ ಹೊತ್ತಿನ ಮೇಲೆ ಹೊರಬಂದು, ಬಸ್ಸಿಗೆ ಹೋದಳು.

ಸಂಜೆಯ ಬಿಸಿಲಿನಲ್ಲಿ ಫಕೀರಪ್ಪ ಮಠಕ್ಕೆ ಬಂದ. ಚಪ್ಪಲಿ ಬಿಟ್ಟ, ಒಳಗೆ ಕಾಲಿಡಲು ಧೈರ್ಯವಾಗಲಿಲ್ಲ.

"ಬಾ," ಎಂದರು ಅಜ್ಜಾರು. "ಕೆಲಸ ಐತಿ."

ಐವತ್ತು ತೋಟಾಗಳನ್ನೂ ಒಂದೊಂದಾಗಿ ಬಿಚ್ಚಬೇಕಾಗಿತ್ತು. ಗುಂಡು ಕಿತ್ತು, ಮದ್ದನ್ನು ಒಂದು ತಟ್ಟೆಗೆ ಸುರುವಬೇಕು. ಅಜ್ಜಾರು ಕಿತ್ತರು, ಇವನು ಸುರುವಿದ.

ತಟ್ಟೆಯನ್ನೂ ಹಸಿರು ಡಬ್ಬಿಯಲ್ಲಿ ಉಳಿದ ಮದ್ದನ್ನೂ ಹೊಳೆಯ ದಂಡೆಗೆ ಒಯ್ದರು. ಅಜ್ಜಾರು ಮದ್ದನ್ನು ಮರಳಿನ ಮೇಲೆ ತೆಳ್ಳಗೆ, ಉದ್ದಕ್ಕೆ ಚೆಲ್ಲಿ, ದೂರ ನಿಂತು ಉದ್ದ ಕೋಲಿನಿಂದ ಬೆಂಕಿ ಮುಟ್ಟಿಸಿದರು.

ಬೆಂಕಿ ಒಂದಷ್ಟು ದೂರ ಸಾವಕಾಶ ತೆವಳಿತು. ಹಾವು ಹೋದ ಹಾಗೆ ಹೋಗುತ್ತಿದ್ದದ್ದು ಒಮ್ಮೆಗೇ ಭುಗ್ಗನೆ ಎದ್ದು ಎರಡು ಮಾರು ಹಾರಿತು. ಮತ್ತೆ ತೆವಳಿತು. ಮತ್ತೆ ಹಾರಿತು. ಫಕೀರಪ್ಪ ಹಿಂದಕ್ಕೆ ಸರಿದು ಕಲ್ಲಿಗೆ ಎಡವಿ ಕೂತ.

"ಐವತ್ತೂ ಒಂದ ತೂಕ ಇದ್ದೂವ್ರಿ ಅಜ್ಜಾರ. ಮೂರ ಮೂರ ಸಲ ತೂಗಿದೆ."

"ತಕ್ಕಡಿಗೆ ಎಷ್ಟು ಅಂತ ಕೇಳಿದಿ. ಏನು ಅಂತ ಕೇಳಲಿಲ್ಲ."

"ನನಗ ಗೊತ್ತಿರಲಿಲ್ರಿ."

"ನಾ ಹೇಳಿರಲಿಲ್ಲ. ಎರಡು ಡಬ್ಬಿ ಎರಡು ಅರಿಯೊಳಗ ಯಾಕ ಅಂತ ಒಂದು ಮಾತು ಹೇಳಿದ್ರ ನನ್ನ ಗಂಟೇನು ಹೋಗತಿತ್ತು? ಮಾತು ಬ್ಯಾಡಂದು ಕುಂತೆ. ಪುಸ್ತಕದಾಗ ನನ್ನ ಹೆಸರು ಬಂದದ್ದು ಸುಳ್ಳಲ್ಲ."

ಗುರು ಶಿಷ್ಯನ ಮುಂದೆ ತಪ್ಪು ಒಪ್ಪಿಕೊಂಡದ್ದನ್ನು ಫಕೀರಪ್ಪ ಕಥೆಯಲ್ಲೂ ಕೇಳಿರಲಿಲ್ಲ. ಅವನಿಗೆ ಇನ್ನೂ ನಾಚಿಕೆಯಾಯಿತು.

ಕೂತಲ್ಲಿಂದಲೇ ಕೇಳಿದ. "ಆಕಿ ಬಂದೂಕಿನ್ಯಾಗ ಇತ್ತಲ್ರಿ ಒಂದು. ಅದು ಒಡೀತಿತ್ತೇನ್ರಿ?"

"ಗೊತ್ತಿಲ್ಲ."

"ಐವತ್ತರಾಗ ಎಷ್ಟು ಒಡೀತಿದ್ದೂವು?"

"ಅದೂ ಗೊತ್ತಿಲ್ಲ. ಯಾವುದರಾಗ ಯಾವ ಕಾಳು ಎಷ್ಟು ಬಿತ್ತೋ, ಯಾರು ನೋಡ್ಯಾರ? ಒಂದೂ ಒಡೀದೆ ಇರಬಹುದಿತ್ತು."

ಫಕೀರಪ್ಪ ತಲೆ ಎತ್ತಿದ. ಬೆಳಗಿನದಕ್ಕಿಂತ ಇದು ದೊಡ್ಡ ಪೆಟ್ಟು.

"ಒಂದೂ?"

"ಒಂದೂ."

"ಅಂದ್ರ ಆಕಿ ಗೆದ್ದು ಹೋಗಬಹುದಿತ್ತು? ನೀವು ಓಡದಿದ್ರೂ ನಡೀತಿತ್ತು? ಗೊತ್ತಿಲ್ಲದ ಒಂದು ಮಾತಿಗೆ ನೀವು ನಳಿಗಿ ಮುಂದ ಹೋಗಿ ನಿಂತ್ರಿ?"

"ಗೊತ್ತಿದ್ರ ನಡಕೋಂತ ಹೋಗತಿದ್ದೆ," ಎಂದರು ಅಜ್ಜಾರು. "ಗೊತ್ತಿರಲಿಲ್ಲ, ಓಡಿದೆ."

ಮರಳಿನ ಮೇಲಿನ ಬೆಂಕಿ ಆರಿತ್ತು. ಕರಿ ಗೆರೆಯೊಂದು ಉಳಿದಿತ್ತು. ಫಕೀರಪ್ಪ ಎದ್ದು, ಬಗ್ಗಿ, ಅಜ್ಜಾರ ಕಾಲು ಮುಟ್ಟಿದ.

"ನಾ ಬರತೀನ್ರಿ. ಇನ್ನ ಈ ಮೇಜು ಮುಟ್ಟೂದಿಲ್ಲ. ಕಣ್ಣು ಮುಚ್ಚಿದ್ರ ಆಕಿ ಮಾರಿ ಕಾಣತೈತಿ. ರವಾ ತೂಗಾಕೂ ಆಗೂದಿಲ್ಲ ನನಗ ಇನ್ನ."

"ಬಿಟ್ಟು ಹೋಗತೀನಂತ ಆಕಿಗೆ ಹೇಳಿದ್ಯೇನು?"

"ಆಕಿ ನನ್ನ ಕೂಡ ಮಾತಾಡಿಲ್ರಿ."

"ನನ್ನ ಕೂಡ ಮಾತಾಡ್ಯಾಳ. ಮುಂದಿನ ವರ್ಷ ಮತ್ತ ಬರತೀನಿ ಅಂದಳು. ತೋಟಾ ಯಾರು ತುಂಬಬೇಕಂತ ಕೇಳಿದೆ."

"ಯಾರಂತ್ರಿ?"

"ನೀನ ತುಂಬಬೇಕಂತ."

ಫಕೀರಪ್ಪ ಕಾಲು ಮುಟ್ಟಿದ ಕೈಯನ್ನು ಹಾಗೇ ಹಿಡಿದುಕೊಂಡು ನಿಂತ. ಇವತ್ತು ಬೆಳಗಿನಿಂದ ಕಂಡದ್ದೆಲ್ಲ ಒಂದು ತೂಕ, ಈ ಮಾತೇ ಒಂದು ತೂಕ. ಕಣ್ಣು ತಾನಾಗಿ ತುಂಬಿ ಬಂತು.

"ಇಷ್ಟಾದ ಮ್ಯಾಲೂ ಆಕಿಗೆ ಹೆದರಿಕಿ ಇಲ್ಲೇನ್ರಿ ಅಜ್ಜಾರ?"

"ಆಕಿ ಹೆದರಿದ್ರ ಗುರಿ ತಪ್ಪತೈತೋ ಫಕೀರಪ್ಪ. ಆಕಿ ಪಾಲಿನ ಹೆದರಿಕೀನೂ ನೀನ ಹೆದರು."